ಸ್ಥಳೀಯ ಸಂಸ್ಥೆಗಳ ಸಾರ್ವಜನಿಕ ಸೌಲಭ್ಯಗಳಿಗೆ ಸರ್ಕಾರಿ ಜಮೀನು ಕಾಯ್ದಿರಿಸುವಿಕೆ

ಸ್ಮಶಾನ, ಶಾಲಾ ಆಟದ ಮೈದಾನ, ಅಂಗನವಾಡಿ ಕಟ್ಟಡ, ಕುಡಿಯುವ ನೀರಿನ ಮೇಲ್ತೊಟ್ಟಿ, ಘನತ್ಯಾಜ್ಯ ವಿಲೇವಾರಿ ಘಟಕ ಮುಂತಾದ ಸೌಲಭ್ಯಗಳಿಗೆ ಗ್ರಾಮ ಪಂಚಾಯಿತಿಗಳು ಸಾಮಾನ್ಯವಾಗಿ ಸರ್ಕಾರಿ ಜಮೀನನ್ನೇ ಕೋರುತ್ತವೆ. ಕರ್ನಾಟಕದಲ್ಲಿ ಇಂತಹ ಕೋರಿಕೆಗಳಿಗೆ ಮುಖ್ಯ ಆಧಾರ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕರಣ 71. ಇದರನ್ವಯ, ಯಾರ ಕಾನೂನುಬದ್ಧ ಅಧಿಭೋಗದಲ್ಲಿಯೂ ಇಲ್ಲದ ಸರ್ಕಾರಿ ಜಮೀನನ್ನು ಗ್ರಾಮದ ದನಕರುಗಳ ಉಚಿತ ಮೇವಿಗಾಗಿ, ಮೀಸಲು ಅರಣ್ಯಕ್ಕಾಗಿ ಅಥವಾ ಇತರೆ ಸಾರ್ವಜನಿಕ ಉದ್ದೇಶಕ್ಕಾಗಿ ಕಾಯ್ದಿರಿಸುವ ಅಧಿಕಾರ, ರಾಜ್ಯ ಸರ್ಕಾರದ ಸಾಮಾನ್ಯ ಆದೇಶಗಳಿಗೆ ಒಳಪಟ್ಟು, ಜಿಲ್ಲಾಧಿಕಾರಿಗಳಿಗೆ ಇರುತ್ತದೆ.

ಕಾಯ್ದಿರಿಸುವಿಕೆ ಮತ್ತು ಮಂಜೂರಾತಿ

ಇವೆರಡೂ ಒಂದೇ ಎಂಬ ಭಾವನೆ ಸರಿಯಲ್ಲ. ಜಮೀನನ್ನು ಕಾಯ್ದಿರಿಸಿದ ಮಾತ್ರಕ್ಕೆ ಅದರ ಮಾಲೀಕತ್ವ ಪಂಚಾಯಿತಿಗೆ ವರ್ಗಾವಣೆಯಾಗುವುದಿಲ್ಲ. ಜಮೀನು ಸರ್ಕಾರದ್ದಾಗಿಯೇ ಉಳಿದು, ಗೊತ್ತುಪಡಿಸಿದ ಉದ್ದೇಶಕ್ಕೆ ಮಾತ್ರ ಮೀಸಲಾಗಿರುತ್ತದೆ. ಜಿಲ್ಲಾಧಿಕಾರಿಗಳ ಅನುಮತಿಯಿಲ್ಲದೆ ಆ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವುದನ್ನು ಇದೇ ಪ್ರಕರಣ ನಿಷೇಧಿಸುತ್ತದೆ. ಸ್ಮಶಾನಕ್ಕೆಂದು ಕಾಯ್ದಿರಿಸಿದ ಜಾಗದ ರಸ್ತೆ ಬದಿಯಲ್ಲಿ ವಾಣಿಜ್ಯ ಮಳಿಗೆ ನಿರ್ಮಿಸಲು ಪಂಚಾಯಿತಿಯ ನಿರ್ಣಯವೊಂದೇ ಸಾಲದು. ಮಂಜೂರಾತಿಯಾದರೋ ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969ರ ಅಡಿಯಲ್ಲಿ ನಡೆಯುವ ಪ್ರತ್ಯೇಕ ಪ್ರಕ್ರಿಯೆ. ಆದುದರಿಂದ ಮನವಿಯಲ್ಲಿ ಯಾವುದನ್ನು ಕೋರಲಾಗಿದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಗೋಮಾಳದ ಲೆಕ್ಕ

ಗ್ರಾಮಗಳಲ್ಲಿ ಲಭ್ಯವಿರುವ ಸರ್ಕಾರಿ ಜಮೀನು ಬಹುಮಟ್ಟಿಗೆ ಗೋಮಾಳವೇ ಆಗಿರುವುದರಿಂದ ಆಕ್ಷೇಪಣೆಗಳು ಉದ್ಭವಿಸುವುದೂ ಇಲ್ಲಿಯೇ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ನಿಯಮ 97ರಂತೆ ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 29 ಎಕರೆ 26 ಗುಂಟೆ, ಉಚಿತ ಮೇವಿಗಾಗಿ ಇರಬೇಕು. ಮೇಯಲು ಸಾಕಷ್ಟು ಅರಣ್ಯ ಪ್ರದೇಶ ಸಮೀಪದಲ್ಲಿದ್ದರೆ ಈ ವಿಸ್ತೀರ್ಣವನ್ನು ಕಡಿಮೆ ಮಾಡಲು ಅವಕಾಶವಿದೆ. ಉದಾಹರಣೆಗೆ, 400 ಜಾನುವಾರುಗಳಿರುವ ಗ್ರಾಮಕ್ಕೆ 48 ಹೆಕ್ಟೇರ್, ಸರಿಸುಮಾರು 118 ಎಕರೆ 24 ಗುಂಟೆ ಬೇಕಾಗುತ್ತದೆ. ಆ ಗ್ರಾಮದ ದಾಖಲೆಯಲ್ಲಿ 125 ಎಕರೆ ಗೋಮಾಳವಿದ್ದರೆ ಹೆಚ್ಚುವರಿ ಎನ್ನಬಹುದಾದದ್ದು ಆರೂವರೆ ಎಕರೆಗಿಂತ ಕಡಿಮೆ. ದಾಖಲೆಯ ಗೋಮಾಳವೆಲ್ಲವೂ ಸ್ಥಳದಲ್ಲಿ ಖಾಲಿ ಇರುತ್ತದೆಂದು ಹೇಳಲಾಗದು. ಹೀಗಾಗಿ ಜಾನುವಾರು ಗಣತಿಯ ಅಂಕಿ ಅಂಶ, ಸ್ಥಳ ತನಿಖಾ ಮಹಜರು ಮತ್ತು ಸರ್ವೆ ನಕ್ಷೆ, ಈ ಮೂರೂ ಒಟ್ಟಿಗಿಲ್ಲದ ಪ್ರಸ್ತಾವನೆಯಿಂದ ನೈಜ ಸ್ಥಿತಿ ತಿಳಿಯುವುದಿಲ್ಲ.

ಸಾಗುವಳಿದಾರರು ಗಮನಿಸಬೇಕಾದ ಅಂಶ

ಉದ್ದೇಶಿತ ಜಮೀನಿನಲ್ಲಿ ಬಗರ್ ಹುಕುಂ ಸಾಗುವಳಿ ಮಾಡುತ್ತಾ ನಮೂನೆ 50, 53 ಅಥವಾ 57ರಲ್ಲಿ ಸಕ್ರಮಕ್ಕೆ ಅರ್ಜಿ ಸಲ್ಲಿಸಿರುವವರು ವಿಶೇಷ ಎಚ್ಚರಿಕೆ ವಹಿಸುವುದು ಅವಶ್ಯ. ಅನಧಿಕೃತ ಸಾಗುವಳಿಯು ಕಾನೂನುಬದ್ಧ ಅಧಿಭೋಗವಲ್ಲವಾದ ಕಾರಣ ಪ್ರಕರಣ 71 ಅವರಿಗೆ ತಾನಾಗಿಯೇ ರಕ್ಷಣೆ ನೀಡುವುದಿಲ್ಲ. ಅರ್ಜಿ ಇತ್ಯರ್ಥವಾಗುವ ಮುನ್ನವೇ ಜಮೀನು ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದಲ್ಲಿ ಸಕ್ರಮದ ಹಾದಿ ದುರ್ಗಮವಾಗುತ್ತದೆ. ಪ್ರಸ್ತಾವನೆಯ ವಿಷಯ ತಿಳಿದ ಕೂಡಲೇ, ಅರ್ಜಿಯ ಸ್ವೀಕೃತಿ ಪ್ರತಿಯನ್ನು ಲಗತ್ತಿಸಿ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಹಿಂಬರಹ ಪಡೆಯುವುದು ಸೂಕ್ತ. ಮಹಜರಿನ ಸಮಯದಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಕಡತಕ್ಕೆ ಸೇರದೆ ಹೋಗುವ ಸಂಭವವಿದೆ.

ಒತ್ತುವರಿ ಸಕ್ರಮಕ್ಕೆ ಮಿತಿಯೂ ಇದೆ. ಪಂಜಾಬಿನ ಗ್ರಾಮವೊಂದರ ಕೆರೆ ಜಾಗದ ಒತ್ತುವರಿಗೆ ಸಂಬಂಧಿಸಿದ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ತೀರ್ಪು ನೀಡಿ, ಗ್ರಾಮದ ಸಮುದಾಯ ಜಮೀನುಗಳ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಭೂರಹಿತ ಕಾರ್ಮಿಕರಿಗೆ ಅಥವಾ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರಿ ಅಧಿಸೂಚನೆಯಡಿ ಗುತ್ತಿಗೆ ನೀಡಿರುವ, ಅಥವಾ ಈಗಾಗಲೇ ಶಾಲೆ, ಚಿಕಿತ್ಸಾಲಯದಂತಹ ಸಾರ್ವಜನಿಕ ಸೌಲಭ್ಯವಿರುವ ಜಮೀನುಗಳನ್ನು ಅಪವಾದದ ಉದಾಹರಣೆಗಳಾಗಿ ತೀರ್ಪು ಹೆಸರಿಸಿದೆ.

ಅರಣ್ಯ ಜಮೀನು

ಅರಣ್ಯ ಜಮೀನಿಗೆ ಪ್ರಕರಣ 71ರ ಆದೇಶ ಸಾಲದು. 1980ರ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮೋದನೆ ಬೇಕು. ಆದರೆ ಅರಣ್ಯ ಹಕ್ಕು ಕಾಯ್ದೆ, 2006ರ ಪ್ರಕರಣ 3(2)ರಲ್ಲಿ ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರು, ರಸ್ತೆ, ಸಮುದಾಯ ಭವನ ಸೇರಿದಂತೆ 13 ಸೌಲಭ್ಯಗಳಿಗೆ ವಿನಾಯಿತಿ ಇದೆ. ಪ್ರತಿ ಸೌಲಭ್ಯಕ್ಕೆ ಬಳಸುವ ಜಮೀನು ಒಂದು ಹೆಕ್ಟೇರಿಗಿಂತ ಕಡಿಮೆಯಿರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ ಮತ್ತು ಗ್ರಾಮಸಭೆಯ ಶಿಫಾರಸು ಕಡ್ಡಾಯ. ಸ್ಮಶಾನ ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಮಲೆನಾಡಿನ ಪಂಚಾಯಿತಿಗಳು ಗಮನಿಸುವುದು ಒಳಿತು.

ಆದೇಶದ ನಂತರ

ಸ್ಥಳದಲ್ಲಿ ನೆಟ್ಟ ನಾಮಫಲಕ ದಾಖಲೆಯಲ್ಲ. ಜಿಲ್ಲಾಧಿಕಾರಿಗಳ ಆದೇಶವು ಪಹಣಿಯಲ್ಲಿ ನಮೂದಾಗಿದೆಯೇ, ಜಾಗವನ್ನು ಅಳತೆ ಮಾಡಿ ಗಡಿ ಗುರುತಿಸಲಾಗಿದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳತಕ್ಕದ್ದು. ನಮೂದು ಆಗದೇ ಉಳಿದ ಜಮೀನು ಮುಂದೆ ಮತ್ತೊಂದು ಉದ್ದೇಶಕ್ಕೆ ಪ್ರಸ್ತಾವನೆಯಾಗಿ ವ್ಯಾಜ್ಯಕ್ಕೆ ಎಡೆಯಾಗಬಹುದು. ಆದೇಶ ಮತ್ತು ನಕ್ಷೆಯ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದು. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಜಿಲ್ಲಾಧಿಕಾರಿಗಳ ಮೂಲ ಆದೇಶದಿಂದ ಬಾಧಿತರಾದವರು ಭೂ ಕಂದಾಯ ಅಧಿನಿಯಮದ ಪ್ರಕರಣ 49ರಂತೆ, ನಿಗದಿತ ಅವಧಿಯೊಳಗೆ, ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ.