ಬೆಂಗಳೂರಿನ ಕಸ, ಹೊಲದ ಗೊಬ್ಬರ



ಕಾಂಪೋಸ್ಟು ಮಾಡುವ ಒಂದು ಕ್ರಮಕ್ಕೆ ‘ಬೆಂಗಳೂರು ಪದ್ಧತಿ’ ಅಂತ ಹೆಸರು. ಪಟ್ಟಣದ ಹೆಸರು ಗೊಬ್ಬರಕ್ಕೆ ಹೇಗೆ ಬಂತು ಅಂತೀರಾ? ಕೇಳಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಪೇಟೆಯ ಜನ ಊರಾಚೆಗೆ ಹೊರಟರು. ಗಾಳಿ ಬೆಳಕಿರಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿದ್ದು ಆ ಕಾಲದಲ್ಲೇ. ಚಾಮರಾಜಪೇಟೆ ಇನ್ನೂ ಹಿಂದಿನದು, 1892ರದು. ಊರು ಬೆಳೆದಂತೆ ಕಸವೂ ಬೆಳೆಯಿತು. ಬೀದಿಯ ಕಸ, ಕಕ್ಕಸಿನ ಮಲ ಎರಡನ್ನೂ ನೊಣ ಮುತ್ತದಂತೆ ಎಲ್ಲಿ ಹಾಕುವುದು?

ಮಲ್ಲೇಶ್ವರಕ್ಕೆ ಹತ್ತಿರದಲ್ಲೇ ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ವಿಜ್ಞಾನ ಮಂದಿರವಿದೆ. ಅಲ್ಲಿ 1939ರಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ಇದಕ್ಕೊಂದು ದಾರಿ ಕಂಡರು. ಅದಕ್ಕೆ ಮುಂಚೆ ಇಂದೋರಿನಲ್ಲಿ ಹೋವರ್ಡ್ ಸಾಹೇಬರು ಕಾಂಪೋಸ್ಟು ಮಾಡಿ ತೋರಿಸಿದ್ದರು. ಆದರೆ ಅದನ್ನು ಆಗಾಗ ಮಗುಚಿ ಹಾಕಬೇಕು. ಆಚಾರ್ಯರದು ಮಗುಚುವ ಗೋಜಿಲ್ಲದ ಕ್ರಮ. ಮೂರಡಿ ಆಳದ ಗುಂಡಿ, ಅದರಲ್ಲಿ ಆರಂಗುಲ ಕಸ, ಮೇಲೆ ಎರಡಂಗುಲ ಮಲ, ಮತ್ತೆ ಕಸ. ಹೀಗೇ ಪದರ ಪದರವಾಗಿ ತುಂಬಿ, ಕೊನೆಗೆ ದಪ್ಪನಾಗಿ ಕಸ ಹೊದಿಸಿ, ಮೇಲೆ ಕೆಸರು ಮೆತ್ತುವುದು.

ಕೆಲಸವೆಲ್ಲ ಒಳಗಿನ ಅಣುಜೀವಿಗಳದು. ಮೊದಲ ಎಂಟು ಹತ್ತು ದಿನ ಗಾಳಿ ಬೇಕಾದ ಜೀವಿಗಳು ಮೆತ್ತನೆಯದನ್ನು ತಿಂದು ಹೆಚ್ಚುತ್ತವೆ. ಅವುಗಳ ಉಸಿರಿನಿಂದಲೇ ಗುಂಡಿ ಕಾದು, ನೊಣದ ಮರಿಗಳೂ ಎಷ್ಟೋ ರೋಗಾಣುಗಳೂ ಸಾಯುತ್ತವೆ. ಗಾಳಿ ತೀರಿದ ಮೇಲೆ, ಗಾಳಿ ಬೇಡದ ಇನ್ನೊಂದು ಬಳಗ ನಿಧಾನವಾಗಿ ಉಳಿದ ನಾರನ್ನು ಕೊಳೆಸುತ್ತದೆ. ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ಮುಚ್ಚಿದ್ದರಿಂದ ಸಾರಜನಕ ಹೆಚ್ಚಾಗಿ ಒಳಗೇ ಉಳಿಯುತ್ತದೆ. ಬಯಲಲ್ಲಿ ಬಿಟ್ಟ ನಮ್ಮ ತಿಪ್ಪೆಯಲ್ಲಿ ಅದು ಬಿಸಿಲಿಗೆ ಹಾರಿ, ಮಳೆಗೆ ತೊಳೆದು ಹೋಗುತ್ತದಲ್ಲ!

ಆ ಮಲವನ್ನು ಹೊತ್ತು ತಂದವರನ್ನು ಮರೆತು ಈ ಕಥೆ ಹೇಳಬಾರದು. ಊರನ್ನು ಶುಚಿಯಾಗಿಟ್ಟವರನ್ನೇ ಊರು ದೂರ ಇಟ್ಟಿತ್ತು. ಮಲ ಹೊರುವ ಪದ್ಧತಿಯನ್ನು 1993ರ, ಮತ್ತೆ 2013ರ ಕಾಯಿದೆಗಳು ನಿಷೇಧಿಸಿವೆ. ಆದ್ದರಿಂದ ಇಂದು ಮನೆಯ ಗುಂಡಿಗೆ ಸಗಣಿ ಕದಡಿದ ನೀರು, ಗಂಜಳ ಹೀರಿದ ಕೊಟ್ಟಿಗೆ ಮಣ್ಣು ಹಾಕಿದರೆ ಸಾಕು. ಪದರ ಒಣಗಿದ್ದರೆ ನೀರು ಚಿಮುಕಿಸಿ. ಪ್ಲಾಸ್ಟಿಕ್ ಮಾತ್ರ ಬೀಳಬಾರದು. ಅದನ್ನು ಈ ಜೀವಿಗಳು ಮುಟ್ಟುವುದಿಲ್ಲ.

ಮೂರು ತಿಂಗಳಲ್ಲೇ ಗೊಬ್ಬರ ಬೇಕು, ಮಗುಚಲು ಆಳೂ ಇದ್ದಾರೆ ಅನ್ನುವವರಿಗೆ ಇಂದೋರಿನ ಕ್ರಮವೇ ಒಳ್ಳೆಯದು. ಆಳು ಸಿಗದ ಮನೆಯವರು ಸುಗ್ಗಿ ಮುಗಿದ ಕೂಡಲೆ ಗುಂಡಿ ತುಂಬಿ ಕೆಸರು ಮೆತ್ತಲಿ. ಗೌರಿಹಬ್ಬದ ಹೊತ್ತಿಗೆ ತೆಗೆದು ನೋಡಬಹುದು.