ನಿದ್ರೆಯೊಳಗಿನ ಎಚ್ಚರ

ಕಳೆದ ವರ್ಷ ನನ್ನ ಅಕ್ಕನ ಸವೆದ ಮೊಣಕಾಲ ಕೀಲನ್ನು ಬದಲಿಸುವುದೆಂದು ನಿಶ್ಚಯವಾಯಿತು. ಹಿಂದಿನ ಸಂಜೆ ಅರಿವಳಿಕೆಯ ವೈದ್ಯರು ಬಂದು, "ಪೂರ್ತಿ ನಿದ್ರೆ ಬರಿಸೋಣವೇ, ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸೋಣವೇ?" ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿ, "ನೋವು ತಿಳಿಯದಿದ್ದರೆ ಸಾಕು, ಯಾವುದಾದರೇನೋ?" ಎಂದಳು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ದೊರೆತ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರಿನ ಪ್ರಭಾವವನ್ನು ಬಹಿರಂಗವಾಗಿ ತೋರಿಸಿದಾಗ, ಮನುಷ್ಯ ನೋವನ್ನು ಗೆದ್ದನೆಂದೇ ಜಗತ್ತು ಸಂಭ್ರಮಿಸಿತು. ಆದರೆ ನಿದ್ರಿಸಿದ್ದು ಮನಸ್ಸು, ದೇಹವೂ ನಿದ್ರಿಸಿತೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಈ ಸಂದೇಹವನ್ನು ಎತ್ತಿದರು. ರೋಗಿ ಈಥರಿನಲ್ಲಿ ಮೈಮರೆತಿದ್ದರೂ ಕತ್ತಿಯ ಸುದ್ದಿ ನರಗಳ ಮೂಲಕ ಮೆದುಳಿಗೆ ತಲುಪುತ್ತಲೇ ಇರುತ್ತದೆ. ಆದುದರಿಂದ ನಿದ್ರೆಯೊಡನೆ ನರಮಾರ್ಗವನ್ನೂ ತಡೆಯಬೇಕು ಎಂಬುದು ಅವರ ವಾದ.

ನರಮಾರ್ಗವನ್ನು ತಡೆಯುವ ಉಪಾಯ ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. 1898ರ ಆಗಸ್ಟ್ 16ರಂದು ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬೀರ್ ಎಂಬವರು, ಹಿಂದಿನ ಶಸ್ತ್ರಚಿಕಿತ್ಸೆಗಳಲ್ಲಿ ನಿದ್ರೆಯ ಮದ್ದಿನಿಂದ ಬಳಲಿದ್ದ ಕೂಲಿಗಾರನೊಬ್ಬನ ಬೆನ್ನುಹುರಿಯ ದ್ರವದೊಳಕ್ಕೆ ಕೊಕೇನ್ ಸೇರಿಸಿ, ಕ್ಷಯದಿಂದ ಕೆಟ್ಟಿದ್ದ ಅವನ ಪಾದದ ಕೀಲಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬೆನ್ನಿನ ಸೂಜಿಯ ಚರಿತ್ರೆ ಆರಂಭವಾದದ್ದೇ ಕೀಲಿನಿಂದ!

ಗಾಯಗೊಂಡ ದೇಹ ತನ್ನೊಳಗೆ ಏನು ಮಾಡಿಕೊಳ್ಳುತ್ತದೆಂಬುದನ್ನು 1930ರ ದಶಕದ ಆರಂಭದಲ್ಲಿ ಗ್ಲಾಸ್ಗೋ ನಗರದ ಡೇವಿಡ್ ಕತ್‌ಬರ್ಟ್‌ಸನ್ ಅಳೆದು ನೋಡಿದರು. ಕಾಲಿನ ಮೂಳೆ ಮುರಿದವರ ಮೂತ್ರದಲ್ಲಿ ಸಾರಜನಕ ಹೆಚ್ಚಾಗಿ ಹೋಗುತ್ತಿತ್ತು. ಅಂದರೆ ದೇಹ ತನ್ನ ಮಾಂಸಖಂಡವನ್ನು ತಾನೇ ಕರಗಿಸುತ್ತಿತ್ತು. ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಉಕ್ಕುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಹೃದಯದ ಬಡಿತ ತೀವ್ರವಾಗುತ್ತದೆ. ವೈರಿ ಮುತ್ತಿಗೆ ಹಾಕಿದಾಗ ಕೋಟೆಯೊಳಗಿನವರು ಕಣಜವನ್ನು ತೆರೆದಂತೆ ಇದು. ಶಸ್ತ್ರವೈದ್ಯನ ಕತ್ತಿಗೂ ವೈರಿಯ ಕತ್ತಿಗೂ ಇರುವ ವ್ಯತ್ಯಾಸ ದೇಹಕ್ಕೆ ತಿಳಿಯದು.

ಈ ಸುದ್ದಿಯನ್ನು ಒಯ್ಯುವ ದೂತ ಯಾರು? 1959ರಲ್ಲಿ ಎಗ್‌ಡಾಲ್ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗ ಉತ್ತರ ಕೊಟ್ಟಿತು. ಗಾಯಗೊಂಡ ಕಾಲಿನ ನರವನ್ನು ಕತ್ತರಿಸಿದರೆ ಅಡ್ರಿನಲ್ ಗ್ರಂಥಿ ಸುಮ್ಮನಾಗುತ್ತಿತ್ತು. 1970ರ ದಶಕದಿಂದ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಮತ್ತು ಸಂಗಡಿಗರು ಇದನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಸೊಂಟದ ಕೆಳಗಿನ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನಿನ ಮೂಲಕ ನರಗಳನ್ನು ಮರಗಟ್ಟಿಸಿದಾಗ ಕಾರ್ಟಿಸಾಲ್ ಮತ್ತು ಸಕ್ಕರೆಯ ಏರಿಕೆ ಬಹಳಷ್ಟು ತಗ್ಗುತ್ತಿತ್ತು. ಬರಿಯ ನಿದ್ರೆಯ ಮದ್ದಿನಿಂದ ಅಷ್ಟು ತಗ್ಗುತ್ತಿರಲಿಲ್ಲ.

ಹಾಗಾದರೆ ಬೆನ್ನಿನ ಸೂಜಿಯೇ ಸರ್ವಶ್ರೇಷ್ಠವೆ? ಇಲ್ಲಿ ಚರಿತ್ರೆ ನಮ್ಮ ಆತುರವನ್ನು ತಡೆಯುತ್ತದೆ. ಮದ್ದಿನ ಬಲ ಇಳಿದೊಡನೆ ತಡೆದಿದ್ದ ಸುದ್ದಿ ಮತ್ತೆ ಹೊರಡುತ್ತದೆ. ಅಲ್ಲದೆ ಗಾಯದಿಂದ ಹೊರಟ ರಾಸಾಯನಿಕಗಳು ನರದ ಹಂಗಿಲ್ಲದೆ ರಕ್ತದಲ್ಲೇ ಪಯಣಿಸುತ್ತವೆ. 2021ರಲ್ಲಿ ಪ್ರಕಟವಾದ, ಸೊಂಟದ ಕೀಲಿನ ಮೂಳೆ ಮುರಿದ 1600 ಮಂದಿಯ ಅಧ್ಯಯನದಲ್ಲಿ, 60 ದಿನಗಳ ಅನಂತರ ಸಾವಿನಲ್ಲಾಗಲಿ ನಡೆಯುವ ಶಕ್ತಿಯಲ್ಲಾಗಲಿ ಎರಡು ವಿಧಾನಗಳ ನಡುವೆ ಗಮನಾರ್ಹ ಅಂತರ ಕಾಣಲಿಲ್ಲ. ರಕ್ತದ ಲೆಕ್ಕ ಬೇರೆ, ಬದುಕಿನ ಲೆಕ್ಕ ಬೇರೆ.

ವೈದ್ಯರು ಅಕ್ಕನ ಹೃದಯ, ಶ್ವಾಸಕೋಶ, ಬೆನ್ನು ಎಲ್ಲವನ್ನೂ ಪರೀಕ್ಷಿಸಿ ಬೆನ್ನಿನ ಸೂಜಿಯನ್ನೇ ಆರಿಸಿದರು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅವಳ ಸಕ್ಕರೆ ಹೆಚ್ಚು ಅಲುಗಲಿಲ್ಲ. ರಾತ್ರಿ ಕಾಲಿಗೆ ಅರಿವು ಮರಳಿದ ಮೇಲೆ ಅದು ಏರತೊಡಗಿತು. ದಾದಿ ಇನ್ಸುಲಿನ್ ಕೊಟ್ಟು, ಗಂಟೆಗೊಮ್ಮೆ ಬಂದು ನೋಡುತ್ತಿದ್ದಳು. ಅಕ್ಕ ಮಾತ್ರ ನಿಶ್ಚಿಂತೆಯಿಂದ ಮಲಗಿದ್ದಳು. ಅವಳ ದೇಹ ಎಚ್ಚರವಾಗಿತ್ತು.