ತೆನೆ ಹಬ್ಬಕ್ಕೆ ಮೀನಿಲ್ಲದ ಊಟ

1736ರಲ್ಲಿ ಗೋವಾದ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಹೊರಡಿಸಿದ ಆಜ್ಞೆಯೊಂದು ನೇರವಾಗಿ ಅಡುಗೆಮನೆಗೇ ನುಗ್ಗಿತು. ಸ್ಥಳೀಯ ಕ್ರೈಸ್ತರು ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸಕೂಡದು ಎಂಬುದು ಅದರ ಕಟ್ಟಳೆಗಳಲ್ಲೊಂದು. ತಲೆಮಾರುಗಳ ಹಿಂದೆಯೇ ದೀಕ್ಷಾಸ್ನಾನ ಪಡೆದ ಮನೆಗಳಲ್ಲೂ ಅನ್ನ ಹಳೆಯ ಕ್ರಮದಲ್ಲೇ ಬೇಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅಷ್ಟರಲ್ಲಿ ಸಾವಿರಾರು ಕೊಂಕಣಿ ಕ್ರೈಸ್ತರು ಗೋವಾ ಬಿಟ್ಟು ಕೆನರಾ ಕರಾವಳಿಗೆ ಬಂದಾಗಿತ್ತು. 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ನಿನ ಭಯವೊಂದೇ ಅದಕ್ಕೆ ಕಾರಣವಲ್ಲ. ಬರಗಾಲ ಬಂತು, 1683ರಲ್ಲಿ ಸಂಭಾಜಿಯ ದಾಳಿಯಾಯಿತು. ಇತ್ತ ಕೆನರಾ ಆಳುತ್ತಿದ್ದ ಕೆಳದಿಯ ನಾಯಕರಿಗೆ ಬೇಸಾಯ ಬಲ್ಲವರು ಬೇಕಿದ್ದರು. ಬಂದವರಿಗೆ ಉಳಲು ನೆಲ ಸಿಕ್ಕಿತು.

ಆ ನೆಲದ ಗುರುತು ಇಂದಿಗೂ ಸ್ಪಷ್ಟವಾಗಿ ಕಾಣುವುದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನಲ್ಲಿ. ಅದು ಕನ್ಯಾ ಮರಿಯಮ್ಮನ ಜನ್ಮದಿನ. ಹಿಂದಿನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಮೊದಲು ಅದನ್ನೇ ಬಾಯಿಗಿಡಬೇಕು. ಅದೇ ‘ನೊವೆಂ’.

ಆಮೇಲಿನದು ಬಾಳೆಲೆಯ ಊಟ. ಹಂದಿ ಮಾಂಸದ ಬಫಾತ್, ಕಳ್ಳು ಹಾಕಿ ಹುದುಗಿಸಿದ ಸನ್ನ, ಮೀನಿನ ಸಾರು ಎಂದರೆ ಪ್ರಾಣ ಬಿಡುವ ಸಮುದಾಯ ಅಂದು ಮೀನು ಮಾಂಸ ಮುಟ್ಟುವುದಿಲ್ಲ. ತರಕಾರಿ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು: ಮೂರು, ಐದು, ಏಳು, ಸಾಧ್ಯವಾದರೆ ಒಂಬತ್ತು. ಬೆಂಡೆ, ಹೀರೆ, ಹಾಗಲ, ಅಲಸಂದೆ, ತೊಂಡೆ, ಅಂಬಟೆಕಾಯಿ, ಕೆಸು, ಹರಿವೆ ದಂಟು, ಎಲ್ಲವೂ ಮಳೆಗಾಲದ ಹಿತ್ತಲಿನ ಬೆಳೆ. ಕೊನೆಗೆ ಬೇಳೆ, ಬೆಲ್ಲ, ತೆಂಗಿನ ಹಾಲಿನ ‘ವೊರ್ನ್’. ಅದೇ ಹಂಗಾಮಿನಲ್ಲಿ ನೆರೆಯ ತುಳುವರ ಮನೆಗಳಿಗೂ ತೆನೆ ಬರುತ್ತದೆ, ಹೊಸ ಅಕ್ಕಿಯ ಊಟವಾಗುತ್ತದೆ. ಒಂದೇ ಮಳೆಯಲ್ಲಿ ನೆಟ್ಟ ಪೈರು ಒಂದೇ ಕಾಲಕ್ಕೆ ತೆನೆಗಟ್ಟುವಾಗ, ಹಬ್ಬಗಳೂ ಹತ್ತಿರ ಹತ್ತಿರ ಬಂದದ್ದು ಸಹಜ.

ಈ ನಂಟು ಒಮ್ಮೆ ಕಡಿದುಹೋಗುವುದರಲ್ಲಿತ್ತು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲೇ ಅನೇಕರು ಸತ್ತರು, ಬಹುಪಾಲು ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಟಿಪ್ಪು ಮಡಿದ ನಂತರ ಬದುಕುಳಿದವರು ಮರಳಿ ಬಂದು ಮತ್ತೆ ಗದ್ದೆಗಿಳಿದರು. ಹದಿನೈದು ವರ್ಷ ಗದ್ದೆಯಿಂದ ದೂರವಿದ್ದವರು ತೆನೆಯ ಹಬ್ಬವನ್ನು ಮರೆಯಲಿಲ್ಲವೆಂಬುದು ಈ ಸಮುದಾಯದ ಚರಿತ್ರೆಯಲ್ಲಿ ಹೆಮ್ಮೆಯ ಸಂಗತಿ.

ಗೋವಾದಲ್ಲಿ ಉಳಿದವರ ತೆನೆ ಹಬ್ಬ ಬರುವುದು ಆಗಸ್ಟ್‌ನಲ್ಲಿ, ಅದೂ ಊರಿಗೊಂದು ದಿನ: ರಾಯಾದಲ್ಲಿ 5, ತಾಳಗಾಂವದಲ್ಲಿ 21. ಇನ್ನೂ ದಕ್ಷಿಣಕ್ಕೆ ಹೋದರೆ, ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಇಂಥ ವಿಧಿಯ ಊಟ ಪವಿತ್ರ ಗುರುವಾರ ರಾತ್ರಿಯದು. ಹುದುಗಿಲ್ಲದ ಅಕ್ಕಿಯ ‘ಪೆಸಹಾ ಅಪ್ಪಂ’ ಅನ್ನು ಮನೆಯ ಹಿರಿಯರು ಮುರಿದು, ತೆಂಗಿನ ಹಾಲು ಬೆಲ್ಲದ ಪಾನಕದೊಂದಿಗೆ ಹಂಚುತ್ತಾರೆ. ಅಲ್ಲೂ ಅಕ್ಕಿಯೇ, ತೆಂಗೇ, ಬೆಲ್ಲವೇ. ಸಂದರ್ಭ ಮಾತ್ರ ಪೂರ್ತಿ ಬೇರೆ.

ಇತ್ತ ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಈಗ ಗದ್ದೆ ಇರುವವರು ಕಡಿಮೆ. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿರುವ ಮಕ್ಕಳಿಗೆ ಆಶೀರ್ವಾದವಾದ ಕಾಳುಗಳನ್ನು ಕಳಿಸಿಕೊಡುವ ಅಭ್ಯಾಸ ಬೆಳೆದಿದೆ. ಅಲ್ಲಿ ಅವನ್ನು ಪುಡಿಮಾಡಿ ಹಾಲಿಗೆ ಹಾಕಿಕೊಂಡು, ಸಿಕ್ಕಷ್ಟು ಬಗೆಯ ತರಕಾರಿಯನ್ನು ಬೆಸ ಸಂಖ್ಯೆಗೆ ಸರಿಹೊಂದಿಸಿ ಊಟಕ್ಕೆ ಕೂರುತ್ತಾರೆ.